‘ಬಂದಿದೆ’ ಮತ್ತು ‘ಬಂದಿದೆಯಂತೆ’

ಸಕಲೇಶಪುರ, ಆಲೂರು ಮಲೆಗಳಲ್ಲಿ ಬರೆಯಲು ಹೊರಟಿರುವ ಎಳೆಯರಿಗೊಂದು ಬಹಿರಂಗ ಪತ್ರ

ಹೆತ್ತೂರು, ಯಸಳೂರು, ಹಾನುಬಾಳು, ಬೆಳಗೋಡು, ಪಾಳ್ಯ, ಮಗ್ಗೆ, ಕೆಂಚಮ್ಮನ ಹೊಸಕೋಟೆ ಕಡೆಯ ಪ್ರಿಯ ಗೆಳೆಯ ಗೆಳತಿಯರೆ,

ನೀವು ಕೊಟ್ಟುಹೋದ ಕತೆಗಳ ಕಟ್ಟನ್ನು ಎರಡು ಸಲ ಓದಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆಯಬೇಕೆಂದು ಕೂತಿದ್ದೆ. ನಾಲ್ಕನೆಯ ಕಾಗದಕ್ಕೆ ಬರುವಷ್ಟರಲ್ಲಿ ಹೇಳುತ್ತಿರುವುದು ಒಂದೇ ಮಾತು ಅನ್ನಿಸಿತು. ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿಮ್ಮ ಹಾಗೆ ಚೀಲದೊಳಗೆ ನೋಟ್‌ಬುಕ್ ಬಚ್ಚಿಟ್ಟುಕೊಂಡು ಓಡಾಡುವ ಇನ್ನಷ್ಟು ಮಂದಿ ಈ ಬೆಟ್ಟಗಳಲ್ಲಿ ಇದ್ದಾರೆ, ಅವರ ಕೈಗೂ ಸಿಗಲಿ ಎಂದು ಲಕೋಟೆಗೆ ಹಾಕದೆ ಕಳಿಸುತ್ತಿದ್ದೇನೆ.

ಮೊದಲು ನಿಮ್ಮ ಇನ್ನೊಂದು ಬರವಣಿಗೆಯ ಮಾತು. ಅದನ್ನು ನೀವು ಬರವಣಿಗೆ ಎಂದು ಎಣಿಸಿಯೇ ಇಲ್ಲ. ಆನೆಯ ಸುಳಿವು ಹಂಚಿಕೊಳ್ಳಲು ನಮ್ಮ ಊರೂರಿನವರು ಫೋನಿನಲ್ಲಿ ಮಾಡಿಕೊಂಡಿರುವ ಆನೆ ಗ್ರೂಪುಗಳಲ್ಲಿ ಬೆಳಗಾಗೆದ್ದು ನೀವು ಹಾಕುವ ಸಂದೇಶಗಳು. ಈ ಮಾದರಿಯವು:

“ಬೆಳಿಗ್ಗೆ 6.10. ಶಾಲೆ ಹಿಂದಿನ ಹಳ್ಳ ದಾಟಿ ಮೂರು ಆನೆ, ಜೊತೆಗೊಂದು ಮರಿ. ಮೇಲಿನ ತೋಟದ ಕಡೆ ಮುಖ. ಕಣದ ಹತ್ತಿರ ನಿಂತು ನಾನೇ ನೋಡಿದೆ. ಲೈನಿನವರು ಕೆಳದಾರಿಯಲ್ಲಿ ಬರಬೇಡಿ.”

ಇದರಲ್ಲಿ ತೆಗೆದುಹಾಕಬಹುದಾದ ಒಂದು ಪದ ತೋರಿಸಿ ನೋಡೋಣ. ಹೊತ್ತು ಇದೆ, ಜಾಗ ಇದೆ, ಎಷ್ಟು ಎಂಬುದಿದೆ, ಯಾವ ಕಡೆ ಹೊರಟಿವೆ ಎಂಬುದಿದೆ, ನೋಡಿದ್ದು ಯಾರು, ಎಲ್ಲಿ ನಿಂತು ಎಂಬುದಿದೆ. ಮರಿ ಇದೆ ಎನ್ನುವ ಮಾತು ಯಾಕೆ ಬೇಕಿತ್ತು ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬರೆದವನ ಕಣ್ಣೆದುರಿಗೆ ಓದುವವಳು ನಿಂತಿದ್ದಳು: ಲೈನಿನಿಂದ, ಅಂದರೆ ತೋಟದ ಕೂಲಿಯವರ ಮನೆಸಾಲಿನಿಂದ, ಬುತ್ತಿ ಚೀಲ ಹೆಗಲಿಗೇರಿಸಿ ಕೆಳದಾರಿ ಹಿಡಿದಿರುವ ಹೆಂಗಸು. ಅವಳು ಫೋನಿನತ್ತ ಒಂದೇ ಸಲ ಕಣ್ಣು ಹಾಯಿಸುತ್ತಾಳೆ. ಅರಣ್ಯ ಇಲಾಖೆಯ ಎಸ್ಸೆಮ್ಮೆಸ್ ಬರುತ್ತದೆ, ರಸ್ತೆ ಬದಿಯ ಫಲಕದಲ್ಲಿ ಅಕ್ಷರ ಹೊಳೆಯುತ್ತದೆ, ಆನೆ ಕಾರ್ಯಪಡೆಯ ಜೀಪು ಓಡಾಡುತ್ತದೆ. ಆದರೂ ಅವಳು ನಂಬಿ ಹೆಜ್ಜೆ ಇಡುವುದು ನಿಮ್ಮ ಆ ಐದು ಸಾಲಿನ ಮೇಲೆ.

ಇದೇ ಕೈ ಕತೆ ಬರೆಯಲು ಕೂತಾಗ ಏನಾಯಿತು? “ಪ್ರಕೃತಿ ಮಾತೆಯ ಮಡಿಲಲ್ಲಿ ಹಸಿರು ಸೀರೆಯುಟ್ಟು ಕಂಗೊಳಿಸುವ ಮಲೆನಾಡಿನ ಒಂದು ಪುಟ್ಟ ಗ್ರಾಮ.” ನಿಮ್ಮ ಕಟ್ಟಿನಲ್ಲಿ ಹೆಚ್ಚುಕಡಿಮೆ ಹೀಗೇ ಶುರುವಾಗುವ ಕತೆಗಳು ಹನ್ನೊಂದು. ಇದು ರೆಸಾರ್ಟಿನ ಜಾಹೀರಾತು ಮಾತಾಡುವ ಭಾಷೆ. ವಾರದ ಕೊನೆಗೆ ಬಂದು ಸೋಮವಾರ ಹೊರಡುವವರಿಗೆ ಈ ಬೆಟ್ಟ ಹಸಿರು ಸೀರೆಯಾಗಿ ಕಂಡೀತು. ನಿಮಗೆ ಅದು ಹಾಗೆ ಕಂಡೇ ಇಲ್ಲ. ಜಿಗಣೆ ಹತ್ತಿದ ಕಾಲಿಗೆ ಸುಣ್ಣ ಹಚ್ಚಿಕೊಂಡು ಬಸ್ಸಿಗೆ ಓಡಿದವರು ನೀವು. ಅದೇ ಕತೆಯ ಮೂರನೆಯ ಪುಟದಲ್ಲಿ ಆನೆ ಬರುತ್ತದೆ, ‘ಗಜರಾಜ’ ಎಂಬ ಹೆಸರಿನಲ್ಲಿ. ಗ್ರೂಪಿನಲ್ಲಿ ‘ಮೂರು ಆನೆ, ಒಂದು ಮರಿ’ ಎಂದವನಿಗೆ ಕತೆಯಲ್ಲಿ ಎಷ್ಟು ಆನೆ ಎಂದೇ ಗೊತ್ತಿಲ್ಲ. ನಿಮಗೆ ಬರೆಯಲು ಬರುವುದಿಲ್ಲ ಎಂದು ನಾನು ಹೇಳಲಾರೆ. ಬರುತ್ತದೆ. ಸಾಹಿತ್ಯ ಎಂದೊಡನೆ ಅದನ್ನು ಬಾಗಿಲ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಒಳಗೆ ಹೋಗುತ್ತಿದ್ದೀರಿ.

ಈಗ ಈ ಪತ್ರದ ತಲೆಯ ಮೇಲೆ ಬರೆದ ಎರಡು ಪದಗಳಿಗೆ ಬರುತ್ತೇನೆ. ‘ಆನೆ ಬಂದಿದೆ’ ಎಂದರೆ ನಾನು ನೋಡಿದೆ, ಅದರ ಹೊಣೆ ನನ್ನದು. ‘ಆನೆ ಬಂದಿದೆಯಂತೆ’ ಎಂದರೆ ಯಾರೋ ಹೇಳಿದರು, ನೀನೂ ವಿಚಾರಿಸಿಕೋ. ಒಂದೇ ಒಂದು ‘ಅಂತೆ’ಯಲ್ಲಿ ಕನ್ನಡ ಕಣ್ಣನ್ನೂ ಕಿವಿಯನ್ನೂ ಬೇರೆ ಮಾಡಿ ಇಡುತ್ತದೆ. ಇದನ್ನು ನಮಗೆ ಯಾವ ವ್ಯಾಕರಣದ ಪಾಠವೂ ಕಲಿಸಲಿಲ್ಲ. ನಾಲ್ಕು ವರ್ಷದ ಮಗು ಕೂಡ ‘ಅಜ್ಜಿಗೆ ಜ್ವರ ಅಂತೆ’ ಎನ್ನುತ್ತದೆ, ತಾನೇ ಹಣೆ ಮುಟ್ಟಿ ನೋಡಿದ ಮೇಲೆ ‘ಜ್ವರ ಇದೆ’ ಎನ್ನುತ್ತದೆ. ಇಷ್ಟು ನಾಜೂಕಾದ ಉಪಕರಣ ನಾಲಗೆಯ ಮೇಲೇ ಇರುವಾಗ, ಬರೆಯಲು ಕೂತೊಡನೆ ನಾವು ಅದನ್ನು ಕೈಬಿಡುತ್ತೇವೆ. ನಾನು ನಲವತ್ತು ವರ್ಷ ಹಾಳೆ ತಿದ್ದಿ ಕಲಿತದ್ದು ಬಹುಪಾಲು ಇಷ್ಟೇ: ಬರವಣಿಗೆ ಮಬ್ಬಾಗುವುದು ಪದ ಗೊತ್ತಿಲ್ಲದ್ದಕ್ಕಲ್ಲ, ತಾನು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂಬ ಲೆಕ್ಕ ತಪ್ಪಿದ್ದಕ್ಕೆ.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ನಾವೆಲ್ಲ ಒಟ್ಟಿಗೇ ಅನುಭವಿಸಿದ್ದೇವೆ. 2023ರ ಡಿಸೆಂಬರ್ 4. ಯಸಳೂರು ವಲಯದ ದಬ್ಬಳ್ಳಿಕಟ್ಟೆ. ಕಾಡಾನೆಗೆ ರೇಡಿಯೊ ಕಾಲರ್ ತೊಡಿಸುವ ಕೆಲಸಕ್ಕೆ ಬಂದಿದ್ದ ಸಾಕಾನೆ ಅರ್ಜುನ, ಮೈಸೂರು ದಸರಾದಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು, ಒಂಟಿ ಸಲಗದೊಂದಿಗೆ ಕಾದಾಡಿ ಸತ್ತ. ಇಷ್ಟು ನಡೆದದ್ದು. ಅವತ್ತು ಸಂಜೆಯಿಂದ ನನ್ನ ಫೋನಿಗೆ ಬಂದ ಬರಹಗಳನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಕಾಲಿಗೆ ಪೆಟ್ಟಾಗಿತ್ತು ಎಂದು ಒಂದು, ಆಗಿರಲೇ ಇಲ್ಲ ಎಂದು ಇನ್ನೊಂದು. ಗುಂಡು ಹಾರಿದ ಸುದ್ದಿ ಹೀಗೊಂದು, ಹಾಗೊಂದು. ಬರೆದವರಲ್ಲಿ ಆ ಕಾಡಿನೊಳಗೆ ಇದ್ದವರು ಒಬ್ಬರೂ ಇರಲಿಲ್ಲ. ಇದ್ದವರು ಕೆಲವೇ ಮಾವುತರು, ಕಾವಾಡಿಗಳು, ಇಲಾಖೆಯವರು. ಆದರೆ ಒಂದು ಬರಹದಲ್ಲೂ ‘ಅಂತೆ’ ಇಲ್ಲ. ಎಲ್ಲವೂ ‘ಆಯಿತು’, ‘ಹಾರಿಸಿದರು’, ‘ಬಿಟ್ಟು ಓಡಿದರು’. ಬರೆದವರ ದುಃಖ ನಿಜವಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆ ರಾತ್ರಿ ನಾನೂ ಅವುಗಳಲ್ಲೊಂದನ್ನು ಮುಂದಕ್ಕೆ ಕಳಿಸಿದೆ. ಮೂರನೆಯ ದಿನ ಪರಿಚಯದವರೊಬ್ಬರು, “ಮೇಷ್ಟ್ರೇ, ಇದನ್ನು ನೀವು ನೋಡಿದ್ದಾ?” ಎಂದು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಪತ್ರಿಕೆಯವರು, ಕಚೇರಿಯವರು ಇದಕ್ಕೊಂದು ಒಳದಾರಿ ಮಾಡಿಕೊಂಡಿದ್ದಾರೆ. ‘ಎನ್ನಲಾಗಿದೆ’. ಮೇಲುನೋಟಕ್ಕೆ ಅದೂ ‘ಅಂತೆ’ಯೇ ಅನ್ನಿಸುತ್ತದೆ. ‘ಅಂತೆ’ ಎಂದವನನ್ನು ‘ಯಾರಂದರು?’ ಎಂದು ಕೇಳಬಹುದು, ಅವನು ಒಂದು ಹೆಸರು ಹೇಳುತ್ತಾನೆ. ‘ಎನ್ನಲಾಗಿದೆ’ಯನ್ನು ಹಾಗೆ ಕೇಳಲು ಬರುವುದಿಲ್ಲ. ಅದರ ಹಿಂದೆ ಯಾರೂ ನಿಂತಿಲ್ಲ. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಹಾರ ವಿತರಿಸಲಾಗಿದೆ’, ‘ಮರಗಳನ್ನು ತೆರವುಗೊಳಿಸಲಾಯಿತು’. ಯಾರು ಕೈಗೊಳ್ಳುತ್ತಾರೆ, ಯಾರು ಕೊಟ್ಟರು, ಯಾರು ಕಡಿದರು? ನಿಮ್ಮ ಕತೆಗಳಲ್ಲಿ ಈ ‘ಲಾಗಿದೆ’ ಕಂಡಾಗಲೆಲ್ಲ ನಾನು ಪೆನ್ಸಿಲ್ಲಿನಿಂದ ಸುತ್ತು ಹಾಕಿದ್ದೇನೆ. ಒಂದು ಕತೆಯಲ್ಲಂತೂ ತಾಯಿ ಮಗನಿಗೆ, ‘ನಿನ್ನ ಬಟ್ಟೆಯನ್ನು ಒಗೆಯಲಾಗಿದೆ’ ಎನ್ನುತ್ತಾಳೆ. ಯಾವ ತಾಯಿ ಹಾಗೆ ಮಾತಾಡಿದ್ದನ್ನು ನೀವು ಕೇಳಿದ್ದೀರಿ?

ನನ್ನದೂ ಒಂದು ತಪ್ಪಿನ ಕತೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಎರಡನೆಯ ಮಳೆಗಾಲ. ಶಾಲೆಗೂ ಊರಿಗೂ ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರ ಹಾಸಿದ ಕಾಲುಸಂಕ. ಆರಿದ್ರಾ ಮಳೆ ಹಿಡಿಯಿತೆಂದರೆ ಸಂಕ ನೀರಿನಡಿ ಹೋಗುತ್ತಿತ್ತು, ಹದಿನಾಲ್ಕು ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಊರಿನವರು ಅರ್ಜಿ ಬರೆದುಕೊಡಿ ಎಂದು ನನ್ನಲ್ಲಿಗೆ ಬಂದರು. ಕನ್ನಡ ಎಂ.ಎ. ಮುಗಿಸಿ ಬಂದವನು ನಾನು. ಮೂರು ಪುಟ ಬರೆದೆ. ಮಾನ್ಯರ ಜನಪರ ಕಾಳಜಿಯ ಬಗ್ಗೆ ಒಂದು ಪುಟ, ಶಿಕ್ಷಣದ ಮಹತ್ವದ ಬಗ್ಗೆ ಒಂದು ಪುಟ, ಮೂರನೆಯದರ ನಡುವೆಲ್ಲೋ ಸಂಕ. ಹಳ್ಳದ ಹೆಸರು ಬರೆಯಲು ಮರೆತಿದ್ದೆ. ಅದು ನನಗೂ ಊರಿನವರಿಗೂ ‘ಹಳ್ಳ’, ಅಷ್ಟೆ. ನಮ್ಮ ಸೀಮೆಯಲ್ಲಿ ಹಳ್ಳಗಳು ಎಷ್ಟಿವೆ ಎಂದು ನಿಮಗೆ ಗೊತ್ತಲ್ಲ! ಎಂಟು ತಿಂಗಳ ಮೇಲೆ, ಸ್ಥಳದ ವಿವರ ಸಾಲದು ಎಂಬ ಷರಾ ಹೊತ್ತು ಅರ್ಜಿ ವಾಪಸು ಬಂತು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಎದುರಿಗಿತ್ತು.

ಎರಡನೆಯ ಅರ್ಜಿಯನ್ನು ನಾನು ಬರೆದದ್ದು ನಿಜ, ಆದರೆ ಮಾತು ನನ್ನದಲ್ಲ. ಇಬ್ಬರು ಮಕ್ಕಳನ್ನು ಹಳ್ಳ ದಾಟಿಸುತ್ತಿದ್ದ ಒಬ್ಬ ತಾಯಿ ಬೆಂಚಿನ ತುದಿಯಲ್ಲಿ ಕೂತು ಹೇಳಿದರು. ಯಾವ ಗದ್ದೆಯ ಕೆಳಗೆ ಸಂಕ ಇದೆ, ನೀರು ಎಲ್ಲಿಯವರೆಗೆ ಏರುತ್ತದೆ (ತಮ್ಮ ಸೊಂಟವನ್ನು ಮುಟ್ಟಿ ತೋರಿಸಿದರು), ಎಷ್ಟು ಮಕ್ಕಳು, ಎಷ್ಟು ದಿನ, ಹಿಂದಿನ ವರ್ಷ ಯಾವ ದಿನ ಯಾರ ಹುಡುಗಿ ಜಾರಿದಳು, ಯಾರು ಎಳೆದು ದಡಕ್ಕೆ ಹಾಕಿದರು. ಮುಕ್ಕಾಲು ಪುಟ ಆಯಿತು. ಹೊಸ ಸಂಕ ಆದದ್ದು ಅದಾಗಿ ಎರಡು ವರ್ಷಕ್ಕೆ. ಆ ಅರ್ಜಿಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ, ನನಗೆ ಹಾಗೆ ಹೇಳಲು ಆಧಾರವಿಲ್ಲ. ಆದರೆ ಸ್ಥಳ ನೋಡಲು ಬಂದ ನೌಕರನ ಕೈಯಲ್ಲಿ ಆ ಮುಕ್ಕಾಲು ಪುಟ ಇತ್ತು, ಅದನ್ನು ಹಿಡಿದುಕೊಂಡು ಆತ ಯಾರನ್ನೂ ದಾರಿ ಕೇಳದೆ ನೇರ ಹಳ್ಳಕ್ಕೆ ಇಳಿದ. ಅದನ್ನು ನಾನು ನೋಡಿದೆ.

ಹೊಗಳಿಕೆಯಿಂದ ಶುರುಮಾಡುವ ಚಾಳಿ ನನ್ನೊಬ್ಬನದೇ ಅಲ್ಲ, ಬಹಳ ಹಳೆಯದು. ನಮ್ಮ ಜಿಲ್ಲೆಯದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ ಶಾಸನದ ಕಲ್ಲು, ಸುಮಾರು ಕ್ರಿ.ಶ. 450ರದು, ಹದಿನಾರು ಸಾಲು. ಅದೂ ಮೊದಲು ದೇವರಿಗೂ ಕದಂಬ ದೊರೆಗೂ ಉದ್ದುದ್ದ ಸಂಸ್ಕೃತ ಸಮಾಸಗಳಲ್ಲಿ ಕೈಮುಗಿಯುತ್ತದೆ. ಆಮೇಲೆ ವಿಷಯಕ್ಕೆ ಇಳಿದಾಗ ಮಾತ್ರ ಯಾರಿಗೂ ಸಂದೇಹ ಉಳಿಸುವುದಿಲ್ಲ. ಕಾದಾಡಿದ್ದು ವಿಜಅರಸ, ಕೊಟ್ಟದ್ದು ಎರಡು ಊರು, ಅವುಗಳ ಹೆಸರು ಹಲ್ಮಿಡಿ ಮತ್ತು ಮೂಳಿವಳ್ಳಿ, ಕೊಟ್ಟದ್ದು ಕತ್ತಿ ತೊಳೆದ ಕೊಡುಗೆಯಾಗಿ, ಇದನ್ನು ಕದ್ದವರಿಗೆ ಮಹಾಪಾತಕ. ಹದಿನೈದು ಶತಮಾನ ದಾಟಿ ನಮಗೆ ತಲುಪಿದ್ದು ಸಮಾಸಗಳಲ್ಲ, ಆ ಊರಿನ ಹೆಸರುಗಳು. ಆಮೇಲಿನ ಕಾಲದಲ್ಲಿ ಮುಳುಗುಂದದ ನಯಸೇನ, 1112ರ ಹೊತ್ತಿಗೆ ‘ಧರ್ಮಾಮೃತ’ ಬರೆದವನು, ಕನ್ನಡದ ನಡುವೆ ಬೇಡದ ಕಡೆ ಸಂಸ್ಕೃತ ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿದ. ಅಂದರೆ ಈ ಜಗಳಕ್ಕೆ ಒಂಬೈನೂರು ವರ್ಷ ಆಯಿತು. ನಾನು ಸಂಸ್ಕೃತ ಪದಗಳ ವೈರಿಯಲ್ಲ. ‘ನದಿ’ಯನ್ನು ಬಿಟ್ಟು ‘ಹೊಳೆ’ ಎನ್ನಿ ಎಂದು ಯಾರನ್ನೂ ಒತ್ತಾಯಿಸಿಲ್ಲ. ಆದರೆ ಹೇಮಾವತಿಯನ್ನು ನಿಮ್ಮ ಮನೆಯಲ್ಲಿ ‘ಹೊಳೆ’ ಎಂದೇ ಕರೆಯುತ್ತಿದ್ದರೆ, ಕತೆಯಲ್ಲಿ ಅದು ‘ಜಲರಾಶಿ’ ಆದದ್ದು ಹೇಗೆ ಎಂದು ಕೇಳುತ್ತೇನೆ.

ವಾಕ್ಯದ ಬಗ್ಗೆ ಒಂದು ಮಾತು, ಯಾಕೆಂದರೆ ನಿಮ್ಮಲ್ಲಿ ಬಹಳ ಮಂದಿ ಇಲ್ಲೇ ಎಡವಿದ್ದೀರಿ. ಉದ್ದ ವಾಕ್ಯ ತಪ್ಪು ಎಂದು ಯಾರೋ ನಿಮಗೆ ಹೇಳಿಕೊಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ‘ಅಮ್ಮ ನಾಲ್ಕಕ್ಕೆ ಎದ್ದು, ಒಲೆ ಹಚ್ಚಿ, ನೀರಿಟ್ಟು, ನಮ್ಮನ್ನೆಬ್ಬಿಸಿ, ರೊಟ್ಟಿ ತಟ್ಟಿ, ಬುತ್ತಿ ಕಟ್ಟಿ, ಬಾಗಿಲೆಳೆದುಕೊಂಡು ತೋಟಕ್ಕೆ ಹೋದಳು.’ ಈ ವಾಕ್ಯ ಎಷ್ಟು ಉದ್ದವಾದರೂ ಓದುವವನ ಉಸಿರು ಕಟ್ಟುವುದಿಲ್ಲ. ಕೆಲಸ ನಡೆದ ಕ್ರಮದಲ್ಲೇ ಪದ ನಡೆಯುತ್ತದೆ, ಮಾಡಿದವಳು ಮೊದಲಿಂದ ಕೊನೆಯತನಕ ಒಬ್ಬಳೇ. ಕನ್ನಡಕ್ಕೆ ಹುಟ್ಟಿನಿಂದ ಬಂದ ಸೊಗಸು ಇದು, ಇದನ್ನು ತುಂಡು ತುಂಡು ಮಾಡಬೇಡಿ. ಇನ್ನೊಂದು ವಾಕ್ಯ ನಿಮ್ಮ ಕಟ್ಟಿನಿಂದಲೇ: ‘ರಾತ್ರಿ ಆನೆಗಳು ತುಳಿದಿದ್ದ, ಕಳೆದ ವರ್ಷವೂ ಪರಿಹಾರ ಸಿಗದಿದ್ದ, ತನ್ನ ತಂದೆ ಕೂಲಿ ಮಾಡಿ ಕೊಂಡಿದ್ದ, ಹಳ್ಳದ ಪಕ್ಕದ ಗದ್ದೆಯನ್ನು ನೋಡಿ ಅಜ್ಜಿಗೆ ದುಃಖವಾಯಿತು.’ ಗದ್ದೆ ಬರುವ ಮೊದಲು ಮೂರು ಹೊರೆ ಹೊತ್ತುಕೊಂಡು ನಿಂತಿರಬೇಕು ಓದುಗ. ಏನನ್ನು ತುಳಿದವು, ಏನಕ್ಕೆ ಪರಿಹಾರ ಸಿಗಲಿಲ್ಲ ಎಂದು ಗೊತ್ತಿಲ್ಲದೆ ಕಾಯುತ್ತಾನೆ. ಗದ್ದೆಯನ್ನು ಮೊದಲು ಕಣ್ಣಿಗೆ ಕೊಡಿ. ಉಳಿದದ್ದನ್ನು ಆಮೇಲೆ ಒಂದೊಂದಾಗಿ ಇಳಿಸಿ. ಈ ಅಜ್ಜಿಯ ಹತ್ತಿರ ನಾನು ಮತ್ತೆ ಬರುತ್ತೇನೆ, ಅವರನ್ನು ನನಗೆ ಮರೆಯಲಾಗುತ್ತಿಲ್ಲ.

ಕಾಗುಣಿತ, ಅಲ್ಪಪ್ರಾಣ ಮಹಾಪ್ರಾಣಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಹಾಳೆಯ ಅಂಚಿನಲ್ಲಿ ಗುರುತು ಮಾಡಿದ್ದೇನೆ, ನೋಡಿಕೊಳ್ಳಿ.

ಕಂಡದ್ದನ್ನು ಲೆಕ್ಕ ತಪ್ಪದೆ ಬರೆಯುವವರು ನಮ್ಮ ನಡುವೆಯೇ ಇದ್ದಾರೆ. ನಮ್ಮ ತೋಟಗಳಲ್ಲಿ ‘ರೈಟರ್’ ಎಂದರೆ ಯಾರು ಎಂದು ಹೊರಗಿನವರಿಗೆ ಗೊತ್ತಿಲ್ಲ. ಕತೆಗಾರನಲ್ಲ, ಹಾಜರಿ ಬರೆಯುವವನು. ಯಾರು ಬಂದರು, ಯಾವ ಕೆಲಸ, ಅರ್ಧ ದಿನವೋ ಪೂರ್ತಿಯೋ, ಎಷ್ಟು ಕೆಜಿ ಕಾಫಿ ಹಣ್ಣು ಕೊಯ್ದರು. ಆತನ ಪುಸ್ತಕದಲ್ಲಿ ಒಂದು ಹೆಸರು ಬಿಟ್ಟುಹೋದರೆ ಶನಿವಾರ ಒಂದು ಮನೆಯ ಸಂತೆ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಹಳೆಯ ತೋಟಗಳಲ್ಲಿ ಇನ್ನೊಂದು ಪುಸ್ತಕ ಇರುತ್ತದೆ, ಮಳೆಯ ಲೆಕ್ಕ. ಇಂಚು, ಸೆಂಟು. ದಿನಕ್ಕೊಂದು ಸಾಲು. ಅಲ್ಲಿ ಬರೆದ ‘ಒಂದು ಇಂಚು’ ಮಾರ್ಚಿನಲ್ಲಿ ಬಿದ್ದದ್ದಾದರೆ ಹೂಮಳೆ, ಹತ್ತು ದಿನದೊಳಗೆ ಗುಡ್ಡವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ವಾಸನೆ ಮನೆಯೊಳಗೆ ಬರುತ್ತದೆ. ಹೂ ಅರಳಿದ ದಿನವೇ ಬಿದ್ದರೆ ಹೂ ಕೊಳೆತು ಕಾಯಿ ಕಟ್ಟುವುದಿಲ್ಲ. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿದ್ದಾಗ ಬಿದ್ದರೆ ಮಧ್ಯರಾತ್ರಿ ಲೈನಿನ ಬಾಗಿಲುಗಳನ್ನೆಲ್ಲ ತಟ್ಟಿ ಎಬ್ಬಿಸಿ ರಾಶಿ ಮಾಡಿಸಬೇಕು. ಒಂದೇ ಇಂಚು, ಮೂರು ಕತೆ. ನಿಮ್ಮ ಕಟ್ಟಿನಲ್ಲಿ ಮಾತ್ರ ಮಳೆ ಎಲ್ಲ ಕತೆಯಲ್ಲೂ ‘ಧೋ’ ಎಂದು ಸುರಿಯುತ್ತದೆ, ಯಾವ ತಿಂಗಳು ಎಂದು ಗೊತ್ತಾಗುವುದಿಲ್ಲ. ಸೋನೆ, ಜಡಿ, ತುಂತುರು, ಬಿಸಿಲ ಮಳೆ, ಗಾಳಿ ಹೊತ್ತು ತಂದು ಗೋಡೆಗೆ ಬಡಿಯುವ ಆಶ್ಲೇಷದ ಮಳೆ ಇವನ್ನೆಲ್ಲ ನೀವು ಮೈಮೇಲೆ ಹೊತ್ತವರು.

ನಮ್ಮ ಈ ಮಂಜರಾಬಾದು ಸೀಮೆಯ ಬಗ್ಗೆ ಬರೆದವರು ಇಲ್ಲದೆ ಇಲ್ಲ. ಇಲ್ಲೇ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1871ರಲ್ಲೇ ಮೈಸೂರು ಕಾಡುಗಳಲ್ಲಿನ ತನ್ನ ಪ್ಲಾಂಟರ್ ಬದುಕಿನ ಬಗ್ಗೆ ಎರಡು ಸಂಪುಟ ಇಂಗ್ಲಿಷಿನಲ್ಲಿ ಬರೆದ. ಅದು ಬಂಗಲೆಯ ಜಗಲಿಯಿಂದ ಕಂಡ ಬೆಟ್ಟ. ಲೈನಿನ ಬಾಗಿಲಿನಿಂದ ಕಂಡ ಬೆಟ್ಟವನ್ನು ಬರೆಯುವ ಕೆಲಸ ನಿಮಗಾಗಿ ಬಾಕಿ ಇದೆ.

ಹೇಗೆ ಎಂದು ಕೇಳಿದರೆ ದೂರ ಹೋಗಬೇಕಿಲ್ಲ. ಪಕ್ಕದ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಇದ್ದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ, ಅಲ್ಲಿಯತನಕ ತಾವೂ ನಡೆದ ನವ್ಯದ ದಾರಿ ಇನ್ನು ಸಾಕು ಎಂದು ಬಹಿರಂಗವಾಗಿ ಹೇಳಿ ಹೊರಬಂದರು. 1980ರ ‘ಕರ್ವಾಲೊ’ ಓದುವಾಗ ಒಂದನ್ನು ಗಮನಿಸಿ. ಜೇನು ಹಿಡಿಯುವ ಮಂದಣ್ಣ ಹಾರುವ ಓತಿಯನ್ನು ನೋಡಿದ್ದೇನೆ ಎನ್ನುತ್ತಾನೆ. ಊರಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನ ‘ನೋಡಿದ್ದೇನೆ’ಯನ್ನು ಹಗುರ ಮಾಡುವುದಿಲ್ಲ. ಆ ಒಂದು ಕ್ರಿಯಾಪದವನ್ನು ನಂಬಿಕೊಂಡು ಅಷ್ಟು ಜನ ಕಾಡು ಹೊಗುತ್ತಾರೆ. ಇಡೀ ಕಾದಂಬರಿ ನಿಂತಿರುವುದು ಅದರ ಮೇಲೆ. ತೇಜಸ್ವಿಯವರ ಗದ್ಯ ಸಲೀಸು ಎಂದು ಎಲ್ಲರೂ ಹೇಳುತ್ತಾರೆ. ಸಲೀಸು ಎಲ್ಲಿಂದ ಬಂತು ಎಂದರೆ, ಆ ಮನುಷ್ಯ ಹಕ್ಕಿಯ ಒಂದು ಚಿತ್ರ ತೆಗೆಯಲು ಪೊದೆಯೊಳಗೆ ಗಂಟೆಗಟ್ಟಲೆ ಕೂರುತ್ತಿದ್ದರು. ಅಷ್ಟು ಹೊತ್ತು ನೋಡಿದವರಿಗೆ ವಿಶೇಷಣ ಬೇಕಾಗುವುದಿಲ್ಲ.

ಇನ್ನೊಬ್ಬರು ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದ್ದಾರೆ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳಿಗೆ, ಕೊಡಗಿನ ದೀಪಾ ಭಾಸ್ತಿ ಅವರ ಅನುವಾದದಲ್ಲಿ, 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಸಣ್ಣ ಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಕನ್ನಡಕ್ಕೂ ಅದೇ ಮೊದಲು. ಅವತ್ತು ನಾವೆಲ್ಲ ಸಿಹಿ ಹಂಚಿದೆವು. ಹಂಚಿ ಸುಮ್ಮನಾದರೆ ಸಾಲದು. ಆ ಕೈ ಎಲ್ಲಿ ಪಳಗಿತು ನೋಡಿ. ವರ್ಷಗಟ್ಟಲೆ ‘ಲಂಕೇಶ್ ಪತ್ರಿಕೆ’ಗೆ ವರದಿ ಬರೆದವರು, ಆಮೇಲೆ ವಕೀಲರಾಗಿ ಕಚೇರಿಗೆ ಬಂದ ಹೆಂಗಸರ ಮಾತು ಕೇಳಿಸಿಕೊಂಡವರು. ಯಾವ ದಿನ, ಯಾರ ಎದುರಿಗೆ, ಏನೆಂದ, ನೀನು ಏನೆಂದೆ ಎಂದು ಕೇಳಿ ಕೇಳಿ ಬರೆಯುವುದು ವಕೀಲರ ದಿನದ ಕೆಲಸ. ಆ ಹನ್ನೆರಡು ಕತೆ ಬರೆದದ್ದು 1990ರಿಂದ 2023ರವರೆಗಿನ ಅವಧಿಯಲ್ಲಿ. ಮುಂದಿನ ತಿಂಗಳೇ ಸಂಕಲನ ತರಬೇಕೆಂದು ಹೊರಟಿರುವ ನಿಮ್ಮಲ್ಲಿ ಇಬ್ಬರಿಗೆ ಈ ಲೆಕ್ಕ ಹೇಳುತ್ತಿದ್ದೇನೆ. ಇನ್ನೊಂದು ಸಂಗತಿ: ಅವರ ಜನ ಕನ್ನಡದೊಳಗೆ ದಖನಿ ಉರ್ದು ಬೆರೆಸಿ ಮಾತಾಡುವ ಹಾಗೆಯೇ ಕತೆಯಲ್ಲೂ ಮಾತಾಡುತ್ತಾರೆ. ಅನುವಾದಕಿ ಆ ಪದಗಳನ್ನು ಇಂಗ್ಲಿಷಿನಲ್ಲೂ ಓರೆ ಅಕ್ಷರ ಮಾಡದೆ, ಅಡಿಟಿಪ್ಪಣಿ ಹಾಕದೆ ಉಳಿಸಿದರು. ನಿಮ್ಮ ಲೈನುಗಳಲ್ಲಿ ತುಳು ಇದೆ, ತಮಿಳು ಇದೆ, ಬ್ಯಾರಿ ಇದೆ, ಈಗೀಗ ಅಸ್ಸಾಮಿನಿಂದ ಬಂದವರ ಮಾತೂ ಇದೆ. ನಿಮ್ಮ ಕತೆಗಳಲ್ಲಿ ಮಾತ್ರ ಎಲ್ಲರೂ ಆಕಾಶವಾಣಿಯ ವಾರ್ತೆಯ ಹಾಗೆ ಮಾತಾಡುತ್ತಾರೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲೊಬ್ಬರು ಕೇಳುತ್ತೀರಿ ಎಂದು ಗೊತ್ತು: ನೋಡಿದ್ದನ್ನು ಮಾತ್ರ ಬರೆದರೆ ಅದು ವರದಿಯಾಯಿತು, ಕಲ್ಪನೆ ಎಲ್ಲಿ? ನ್ಯಾಯವಾದ ಪ್ರಶ್ನೆ. ಅದಕ್ಕೂ ಉತ್ತರ ‘ಅಂತೆ’ಯಲ್ಲೇ ಇದೆ. ಅಜ್ಜಿಯರು ಕತೆ ಹೇಳುವುದನ್ನು ಕಿವಿಗೊಟ್ಟು ಕೇಳಿ. ‘ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳಂತೆ’ ಎಂದು ಶುರು. ಇದು ನಾನು ಕಂಡದ್ದಲ್ಲ ಎಂದು ಮೊದಲೇ ಪ್ರಾಮಾಣಿಕವಾಗಿ ಹೇಳಿಬಿಟ್ಟರು. ಎರಡು ಮೂರು ವಾಕ್ಯ ಹಾಗೇ ‘ಅಂತೆ’ಯಲ್ಲಿ ನಡೆಯುತ್ತದೆ. ಆಮೇಲೆ ಗೊತ್ತೇ ಆಗದ ಹಾಗೆ ‘ಬಾಗಿಲು ತೆಗೀತಾಳೆ, ನೋಡ್ತಾಳೆ, ಒಳಗೆ ಕತ್ತಲೆ’ ಎಂದು ಬದಲಾಗುತ್ತದೆ. ‘ಅಂತೆ’ ಹೊಸ್ತಿಲು. ಅದನ್ನು ದಾಟಿ ಒಳಗೆ ಹೋದ ಮೇಲೆ ಅಜ್ಜಿ ತಾನೇ ನೋಡುತ್ತಿದ್ದಾಳೆ. ಆ ಹುಡುಗಿಯ ಕೈಯಲ್ಲಿ ಏನಿತ್ತು, ಬಾಗಿಲ ಅಗುಳಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದರೆ ತಡವರಿಸದೆ ಹೇಳುತ್ತಾಳೆ. ಕಲ್ಪಿಸುವುದು ಎಂದರೆ ಇಲ್ಲದ್ದನ್ನೂ ಆನೆ ಗ್ರೂಪಿನ ಹುಡುಗನ ಕಣ್ಣಿಂದ ನೋಡುವುದು. ಎಷ್ಟು, ಎಲ್ಲಿ, ಯಾವ ಕಡೆ ಮುಖ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಅವಳು ಬಾಯಿ ತೆರೆದು ನಿದ್ದೆ ಹೋದಾಗ ಹೊರಬಿದ್ದವು. ಕತೆ ಹೊಸ್ತಿಲ ಹೊರಗೆ ಒಂದು ಜೊತೆ ಮೆಟ್ಟಾಯಿತು, ಹಾಡು ಗೂಟಕ್ಕೆ ನೇತುಬಿದ್ದ ಗಂಡಸಿನ ಅಂಗಿಯಾಯಿತು. ಗಂಡ ಬಂದು ನೋಡಿದ. ಮುಂದಿನದು ನೀವು ಊಹಿಸಬಹುದು. ಗಂಡ ಜಗಳವಾಡಿ ಹನುಮಂತನ ಗುಡಿಯಲ್ಲಿ ಹೋಗಿ ಮಲಗಿದಾಗ, ಊರಿನ ಮನೆಗಳಲ್ಲಿ ಆರಿಸಿದ ದೀಪದ ಕುಡಿಗಳೆಲ್ಲ ಅಲ್ಲಿಗೆ ಬಂದು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದು ಅವನಿಗೆ ನಿಜ ಗೊತ್ತಾಗುತ್ತದೆ. ಗಿರೀಶ ಕಾರ್ನಾಡರು ‘ನಾಗಮಂಡಲ’ದ ಚೌಕಟ್ಟಿಗೆ ಈ ದೀಪಗಳನ್ನೇ ತಂದುಕೊಂಡರು. ನನಗೆ ಈ ಕತೆಯ ಕೊನೆ ಬಹಳ ಕಾಡುತ್ತದೆ. ಗಂಡ ಮನೆಗೆ ಮರಳಿ ಆ ಕತೆ ಯಾವುದು, ಹಾಡು ಯಾವುದು ಎಂದು ಕೇಳುತ್ತಾನೆ. ಅವಳಿಗೆ ಎರಡೂ ಮರೆತುಹೋಗಿದೆ.

‘ನಮ್ಮೂರಲ್ಲಿ ಬರೆಯುವಂಥದ್ದು ಏನಿದೆ ಸಾರ್’ ಎಂದು ನಿಮ್ಮಲ್ಲೊಬ್ಬ ನನ್ನ ಜಗಲಿಯಲ್ಲಿ ನಿಂತು ಕೇಳಿದ್ದ, ಅವನಿಗೆ ಅವತ್ತು ನಾನು ಸರಿಯಾಗಿ ಉತ್ತರಿಸಲಿಲ್ಲ. ಈ ಕತೆಯನ್ನು ಅವನಿಗಾಗಿ ಇಲ್ಲಿ ಬರೆದಿದ್ದೇನೆ.

ಈಗ ಆ ಅಜ್ಜಿ. ನಿಮ್ಮ ಕಟ್ಟಿನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೊಂದೇ ಕತೆ. ಬರೆದವಳು ಯಾರೆಂದು ಇಲ್ಲಿ ಹೇಳುವುದಿಲ್ಲ, ಅವಳಿಗೆ ಗೊತ್ತಾಗುತ್ತದೆ. ಕೊಯ್ಲಿಗೆ ವಾರವಿದ್ದ ಭತ್ತ. ರಾತ್ರಿ ಆನೆ ಇಳಿದವು. ಮನೆಯವರೆಲ್ಲ ಅಟ್ಟ ಹತ್ತಿ ಕೂತರು, ಅಜ್ಜಿ ಹತ್ತಲಿಲ್ಲ. ಅಲ್ಲಿಯವರೆಗೆ ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಕತ್ತಲಲ್ಲಿ ಭತ್ತ ಕಿತ್ತು ಕಾಲಿಗೆ ಬಡಿದು ಮಣ್ಣು ಕೊಡವುವ ಸದ್ದು ಕೂಡ ಬರೆದಿದ್ದೀಯ, ಅದನ್ನು ಕೇಳದವರು ಬರೆಯಲಾರರು. ಆಮೇಲೆ ಬೆಳಗಾಗುತ್ತದೆ, ಆ ಮೂರು ಹೊರೆಯ ವಾಕ್ಯ ಬರುತ್ತದೆ, ‘ದುಃಖವಾಯಿತು’ ಎಂದು ಕತೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ನೀನು ನೋಡಲಿಲ್ಲ. ನೋಡಲು ಕಷ್ಟವಾಗಿರಬೇಕು, ನನಗೆ ಅರ್ಥವಾಗುತ್ತದೆ.

ಆದರೂ ಕೇಳುತ್ತೇನೆ. ಬೆಳಿಗ್ಗೆ ಅಜ್ಜಿ ಗದ್ದೆಯ ಬದುವಿನ ಮೇಲೆ ನಿಂತರಲ್ಲ, ಮೊದಲು ಏನು ಮಾಡಿದರು? ಕೂತರೇ? ಉಳಿದ ತೆನೆ ಆರಿಸಲು ಇಳಿದರೇ? ಆನೆಯ ಹೆಜ್ಜೆಯಲ್ಲಿ ನಿಂತ ನೀರನ್ನು ಕಾಲಿನಿಂದ ಮುಟ್ಟಿ ನೋಡಿದರೇ? ಯಾರನ್ನಾದರೂ ಬೈದರೇ, ಇಲ್ಲ ಆನೆಗೆ ಕೈಮುಗಿದರೇ? ನೀನು ಅಲ್ಲಿದ್ದೆಯಾ, ಇಲ್ಲ ಆಮೇಲೆ ಅಮ್ಮ ಹೇಳಿದ್ದು ಕೇಳಿದೆಯಾ? ಅಜ್ಜಿಯನ್ನೇ ಕೇಳಲು ಈಗಲೂ ಆಗುತ್ತದಾದರೆ ಕೇಳು. ಆಗದಿದ್ದರೆ ಹೊಸ್ತಿಲು ದಾಟಿ ನೀನೇ ಹೋಗಿ ನಿಂತು ನೋಡು.

ಬರೆದುಕೊಂಡು ಬಾ. ಉಳಿದವರೂ ಬನ್ನಿ, ನಿಮ್ಮ ನಿಮ್ಮ ಕತೆಯ ಮೊದಲ ಪುಟ ಹರಿದುಹಾಕಿ ಎರಡನೆಯದರಿಂದ ಓದಿ ಹೇಳಿ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಕೆಳದಾರಿಯಲ್ಲಿ ಬರುವುದಾದರೆ ಹೊರಡುವ ಮೊದಲು ಗ್ರೂಪು ನೋಡಿಕೊಳ್ಳಿ.

ನಿಮ್ಮ,
ಒಬ್ಬ ಹಳೆಯ ಕನ್ನಡ ಮೇಷ್ಟ್ರು
ಸಕಲೇಶಪುರ ತಾಲ್ಲೂಕು